ಸೊನ್ನೆಯ ಮೇಲೆ ನಿಂತ ಮುಳ್ಳು

ಪುಣೆಯ ನಿಗಡಿಯ ನಮ್ಮ ಮನೆಯ ಹಾಲ್‌ನಲ್ಲಿ ಸಂಜೆ ಐದಕ್ಕೆ ಹನ್ನೆರಡನೆಯ ತರಗತಿಯ ಆರು ಮಕ್ಕಳು ಬಂದು ಕೂರುತ್ತಾರೆ. ನಾನು ಅವರಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಹೇಳಿಕೊಡುತ್ತೇನೆ ಅನ್ನುವುದು ದೊಡ್ಡ ಮಾತಾಯಿತು. ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳಿಗೆ ಬರೆಯಬೇಕಾದ ಉತ್ತರಗಳನ್ನು ಬರೆಸುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಸಂಕ್ರಮಣ ಲೋಹಗಳ ಪಾಠದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಆ ಮೊದಲ ಸಾಲಿನ ಲೋಹಗಳ ಪ್ರಮಾಣಿತ ವಿದ್ಯುದ್ವಾರ ವಿಭವ ಎಲ್ಲಾ ಋಣವಾಗಿರುವಾಗ ತಾಮ್ರದ್ದು ಮಾತ್ರ ಯಾಕೆ ಧನ?

ಉತ್ತರ ನನಗೆ ಬಾಯಿಪಾಠ. ತಾಮ್ರದ ಗಟ್ಟಿಯಿಂದ ಒಂದು ಪರಮಾಣುವನ್ನು ಬಿಡಿಸಿ, ಅದರಿಂದ ಎರಡು ಎಲೆಕ್ಟ್ರಾನು ಕಿತ್ತುಕೊಳ್ಳಲು ಬೇಕಾದ ಶಕ್ತಿ ಬಹಳ. ಆಮೇಲೆ ನೀರು ಆ ಅಯಾನನ್ನು ಸುತ್ತಿಕೊಂಡಾಗ ವಾಪಸ್ಸು ಸಿಗುವ ಶಕ್ತಿ ಕಡಿಮೆ. ಹಾಕಿದ್ದು ಬರುವುದಿಲ್ಲ, ಹಾಗಾಗಿ ತಾಮ್ರ ಸುಲಭಕ್ಕೆ ಕರಗುವುದಿಲ್ಲ. ಮಕ್ಕಳು ಅಡಿಗೆರೆ ಎಳೆದುಕೊಳ್ಳುತ್ತಾರೆ. ಇದನ್ನು ನೀವು ಕಣ್ಣಾರೆ ನೋಡಿದ್ದೀರಾ ಅಂತ ಇದುವರೆಗೆ ಯಾರೂ ಕೇಳಿಲ್ಲ. ಕೇಳಿದರೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ನೋಡಿದ್ದೇನೆ. ಇಪ್ಪತ್ತೊಂದು ವರ್ಷ ಅದನ್ನೇ ನೋಡಿಕೊಂಡು ಅನ್ನ ತಿಂದಿದ್ದೇನೆ. ವಿಜಯಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಪುಣೆಗೆ ಬಂದವಳು ನಾನು. ಗಂಡ ರಾಂಜಣಗಾಂವದ ಕಾರ್ಖಾನೆಗೆ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಹೋದರೆ ಬರುವುದು ಕತ್ತಲಾದ ಮೇಲೆ. ಮನೆಯಲ್ಲಿ ಗೋಡೆ ನೋಡುತ್ತ ಕೂರಲಾರದೆ ಭೋಸರಿಯ ಒಂದು ಸಣ್ಣ ಪ್ಲೇಟಿಂಗ್ ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ಮೋಟರ್‌ಸೈಕಲ್ಲಿನ ಕಬ್ಬಿಣದ ಹ್ಯಾಂಡಲ್ಲುಗಳಿಗೆ ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮ್ ಹಿಡಿಸುವುದು ಅಲ್ಲಿಯ ಕೆಲಸ. ಲ್ಯಾಬ್ ಅಂದರೆ ಮೂಲೆಯಲ್ಲಿ ಗಾಜು ಹಾಕಿದ ಒಂದು ಗೂಡು, ಒಂದು ಬ್ಯುರೆಟ್ಟು, ಒಂದು ಒಲೆ, ಮಾಲು ಬಗ್ಗಿಸಿ ನೋಡಲು ಒಂದು ವೈಸು. ಅಷ್ಟಕ್ಕೇ ನನಗೆ ತಲೆ ತಿರುಗಿತ್ತು. ಸೇರಿದ ಮೊದಲ ವಾರವೇ ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಲೋಹಗಳ ವಿಭವದ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಸತು, ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ನಡುವೆ ಸೊನ್ನೆಯಾಗಿ ಹೈಡ್ರೋಜನ್, ಅದರ ಕೆಳಗೆ ತಾಮ್ರ. ಪಟ್ಟಿಯ ತಲೆಗೆ ‘ಪ್ರಮಾಣಿತ ಸ್ಥಿತಿಯಲ್ಲಿ’ ಅಂತಲೂ ಬರೆದಿದ್ದೆ. ಇಪ್ಪತ್ತೈದು ಡಿಗ್ರಿ ಶಾಖ, ಎಲ್ಲಾ ದ್ರಾವಣ ಹದವಾಗಿ ಒಂದೇ ಅಳತೆ, ಗಾಳಿಯ ಒತ್ತಡ ಸರಿಯಾಗಿ ಒಂದು. ಅಂಥ ದಿನ ಭೋಸರಿಯಲ್ಲಿ ಒಂದೂ ಬರಲಿಲ್ಲ.

ಆ ಪಟ್ಟಿಯನ್ನು ನೋಡಿ ಮೊದಲು ನಕ್ಕವರು, ಎಲ್ಲರೂ ಕಾಕಾ ಅಂತ ಕರೆಯುತ್ತಿದ್ದ ಹಳೆಯ ಕೆಲಸಗಾರರು. ಇಂಡಿ ತಾಲೂಕಿನ ಕಡೆಯವರು. ತಾಮ್ರದ ಟ್ಯಾಂಕುಗಳು ನಾನು ಹೋಗುವ ಮೊದಲಿನಿಂದಲೂ ಅವರ ಕೈಯಲ್ಲೇ ಇದ್ದವು. ನಾನೂ ಅವರ ಸೀಮೆಯವಳೇ ಅಂತ ಗೊತ್ತಾದ ದಿನದಿಂದ ನನಗೆ, ಅಮ್ಮಾವ್ರೇ ಅನ್ನುವ ಹಾಗೆ, ‘ಬಾಯಾರ’ ಅನ್ನತೊಡಗಿದ್ದರು.

“ಇದೇನ್ರಿ ಬಾಯಾರ, ರೇಶನ್ ಅಂಗಡಿ ಯಾದಿ ಬರದಂಗ ಬರದೀರಿ?”

ನಾನು ಗಂಭೀರವಾಗಿ ವಿವರಿಸಿದೆ. ಮೇಲಿರುವ ಲೋಹ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ, ಕೆಳಗಿರುವುದು ತೆಗೆದುಕೊಳ್ಳುತ್ತದೆ. ಯಾವ ಲೋಹಕ್ಕೂ ತನ್ನಷ್ಟಕ್ಕೆ ಒಂದು ಸಂಖ್ಯೆ ಇಲ್ಲ. ಹೈಡ್ರೋಜನ್ನನ್ನು ಸೊನ್ನೆ ಅಂತ ಎಲ್ಲರೂ ಒಪ್ಪಿಕೊಂಡು, ಅದರ ಎದುರು ಉಳಿದವನ್ನು ಅಳೆದಿದ್ದಾರೆ. ಕಬ್ಬಿಣ ಋಣ ಪಾಯಿಂಟ್ ನಲವತ್ನಾಲ್ಕು, ತಾಮ್ರ ಧನ ಪಾಯಿಂಟ್ ಮೂವತ್ನಾಲ್ಕು. ನಡುವಿನ ಅಂತರ ಪಾಯಿಂಟ್ ಎಪ್ಪತ್ತೆಂಟು ವೋಲ್ಟು.

ಕಾಕಾ ಪೂರ್ತಿ ಕೇಳಿಸಿಕೊಂಡರು. “ಅಂದ್ರ ಕಬ್ಬಣ ಕೊಡೋದು, ತಾಮ್ರ ಕಸಗೊಳ್ಳೋದು. ಇಷ್ಟ ಹೇಳಾಕ ಇಷ್ಟು ದೊಡ್ಡ ಹಾಳಿ ಬೇಕಾತೇನ್ರಿ?”

ಆಮೇಲೆ ಅವರೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಒಂದು ಕಬ್ಬಿಣದ ಮೊಳೆಯನ್ನು ನೀಲಿ ತಾಮ್ರದ ಟ್ಯಾಂಕಿನಲ್ಲಿ ಅದ್ದಿ ತೆಗೆದರು. ಕರೆಂಟು ಕೊಟ್ಟಿರಲಿಲ್ಲ, ಆದರೂ ಮೊಳೆ ಕೆಂಪಗೆ ಹೊಸ ಬಿಂದಿಗೆಯ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳಿನ ಉಗುರಿನಿಂದ ಒಂದು ಸಲ ಕೆರೆದರು, ಕೆಂಪೆಲ್ಲ ಪುಡಿಯಾಗಿ ಉದುರಿತು.

“ತಾನಾಗೇ ಓಡಿ ಬಂದ ತಾಮ್ರ ನಿಲ್ಲಂಗಿಲ್ರಿ. ಕರಂಟ್ ಕೊಟ್ಟು ಕರದ್ರ ನಿಲ್ತದ.”

ಅದಕ್ಕೇ ಎರಡು ಟ್ಯಾಂಕು. ಮೊದಲನೆಯದಕ್ಕೆ ಸ್ಟ್ರೈಕ್ ಅನ್ನುತ್ತಿದ್ದರು. ಅದರಲ್ಲಿ ತಾಮ್ರವನ್ನು ಸೈನೈಡು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಕಬ್ಬಿಣ ಕಂಡರೂ ಮೇಲೆ ಬೀಳಲು ಬಿಡುವುದಿಲ್ಲ. ಕರೆಂಟು ಹರಿದರೆ ಮಾತ್ರ ತಾಮ್ರ ನಿಧಾನವಾಗಿ ಬಂದು ಗಟ್ಟಿಯಾಗಿ ಕೂರುತ್ತದೆ. ಹೀಗೆ ತೆಳ್ಳಗೆ ಒಂದು ಪದರ ಕೂತ ಮೇಲೆ ಎರಡನೆಯ ನೀಲಿ ಟ್ಯಾಂಕಿಗೆ ಹಾಕಿದರೆ ಭಯವಿಲ್ಲ. ಸ್ಟ್ರೈಕಿನಲ್ಲಿ ಕರೆಂಟು ಹರಿಯದೆ ಕಬ್ಬಿಣ ಬರಿಮೈಯಲ್ಲೇ ನೀಲಿಗೆ ಹೋದರೆ ಮುಗಿಯಿತು. ನೋಡಲು ಎಲ್ಲಾ ಚೆನ್ನಾಗಿರುತ್ತದೆ, ಆದರೆ ಹಿಡಿತವಿರುವುದಿಲ್ಲ. ಮೇಲೆ ನಿಕ್ಕಲ್, ಕ್ರೋಮ್ ಎಷ್ಟು ಹೊಳೆದರೂ ಒಂದು ದಿನ ಸಿಪ್ಪೆ ಏಳುತ್ತದೆ. ಓಡಿಸುವವರ ಅಂಗೈ ಕುಯ್ಯುತ್ತದೆ. ಆದ್ದರಿಂದ ಹ್ಯಾಂಡಲ್ಲು ಕಟ್ಟಿದ ಚೌಕಟ್ಟನ್ನು, ಅಂದರೆ ಜಿಗ್ಗನ್ನು, ಸ್ಟ್ರೈಕಿಗೆ ಇಳಿಸುವಾಗ ಕಾಕಾ ಮೊದಲು ನೋಡುತ್ತಿದ್ದದ್ದು ಕರೆಂಟು ತೋರಿಸುವ ಮೀಟರಿನ ಮುಳ್ಳನ್ನು. ಎತ್ತುವಾಗ ಹ್ಯಾಂಡಲ್ಲಿನ ಮೇಲೆ ನಸುಗೆಂಪು ಬಂದಿದೆಯೇ ಅಂತ ಇನ್ನೊಂದು ಸಲ.

ಕೊನೆಯ ಆ ವರ್ಷ ಅವರಿಗೆ ಮುಳ್ಳೂ ಕಾಣುತ್ತಿರಲಿಲ್ಲ, ನಸುಗೆಂಪೂ ಕಾಣುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಕಣ್ಣಿಗಿಳಿದಿತ್ತು. ನನಗೆ ಗೊತ್ತಾದದ್ದು ಚಹಾದಿಂದ. ಕಪ್ಪಿನಿಂದ ಬಸಿಗೆ ಸುರಿಯಲು ಹೋಗಿ ಬಸಿಯ ಪಕ್ಕಕ್ಕೆ ಸುರಿದರು, ಆಮೇಲೆ ಬರಿ ಬಸಿಯನ್ನು ಬಾಯಿಗೆ ಒಯ್ದರು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ. ಮರುದಿನ ದ್ರಾವಣದ ಸ್ಯಾಂಪಲ್ ತರಲು ಟ್ಯಾಂಕಿನ ಹತ್ತಿರ ಹೋದಾಗ, “ಬಾಯಾರ, ಹೆಂಗೂ ಬಂದೀರಿ, ಮುಳ್ಳು ಎಲ್ಲಿ ನಿಂತದ ನೋಡ್ರಿ” ಅಂದರು.

“ಮೂವತ್ತರ ಮ್ಯಾಲ ಅದರಿ ಕಾಕಾ.”

“ಹಾಂ, ನನಗೂ ಹಂಗ ಕಂಡಿತ್ತು.”

ಅವರಿಗೆ ಏನೂ ಕಂಡಿರಲಿಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಮೊದಲ ಜಿಗ್ಗಿನ ಹೊತ್ತಿಗೂ, ಊಟದ ನಂತರವೂ ನಾನು ಸ್ಯಾಂಪಲ್ಲಿನ ನೆವ ಮಾಡಿಕೊಂಡು ಇಳಿದು ಹೋಗುತ್ತಿದ್ದೆ. ಮುಳ್ಳು ನೋಡಿ ಸಂಖ್ಯೆ ಹೇಳಿ, ಎದ್ದ ಜಿಗ್ಗಿನ ಬಣ್ಣ ಒಮ್ಮೆ ನೋಡಿ ಬರುತ್ತಿದ್ದೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಕಣ್ಣಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೇ ಒಂದು ಸಲ, ಅದೂ ತಾವಾಗಿ, ಮನೆಯ ಮಾತು ಹೇಳಿದ್ದರು. ಅವರ ಹೆಂಡತಿಯ ಎರಡೂ ಕಿಡ್ನಿ ಹೋಗಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿತ್ತು. ನೌಕರಿಯಿಂದ ಬಂದ ಕಾರ್ಮಿಕ ವಿಮೆಯ ಕಾರ್ಡಿನ ಮೇಲೆ ಅದು ನಡೆಯುತ್ತಿತ್ತು.

“ಅರವತ್ತು ತುಂಬಾಕ ಇನ್ನ ಹದಿನಾಕ ತಿಂಗಳ ಅದರಿ. ಅಲ್ಲೀತನಕ ನೌಕರಿ ಉಳದ್ರ ಕಾರ್ಡ್ ಮುಂದನೂ ಇಬ್ಬರಿಗೂ ಇರತದಂತ. ನಡುವ ಬಿಟ್ರ ಇಲ್ಲಂತ.”

ನಾನು ಹೂಂ ಅಂದೆ. ಹದಿನಾಲ್ಕು ತಿಂಗಳು ಮುಳ್ಳು ನೋಡಿ ಹೇಳುವುದು ಯಾವ ದೊಡ್ಡ ಕೆಲಸ ಅಂದುಕೊಂಡೆ. ಮನಸ್ಸಿನಲ್ಲಿ ಒಂದಿಷ್ಟು ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಮಂಗಳವಾರ ಸಂಕಷ್ಟಿ ಬಿತ್ತು. ಅಂಗಾರಕಿ. ನನ್ನ ಗಂಡ ಅಷ್ಟು ವರ್ಷ ದಿನಾ ಬಸ್ಸಿನಲ್ಲಿ ರಾಂಜಣಗಾಂವದ ಗಣಪತಿಯ ಗುಡಿಯ ಮುಂದಿನಿಂದಲೇ ಓಡಾಡಿದವರು, ಒಂದು ಸಲವೂ ಒಳಗೆ ಹೋದವರಲ್ಲ. ಅಂದು ಅವರಿಗೆ ರಜೆ ಸಿಕ್ಕಿತ್ತು, ಹೋಗೋಣ ಅಂದರು. ನಾನೂ ರಜೆ ಹಾಕಿದೆ. ಹಿಂದಿನ ದಿನ ಕಾಕಾಗೆ ಹೇಳಬೇಕಿತ್ತು. ಹೇಳಲು ಅವರ ಟ್ಯಾಂಕಿನವರೆಗೆ ಹೋಗಿಯೂ ಇದ್ದೆ. ‘ನಾಳೆ ನಾನಿಲ್ಲ, ಮುಳ್ಳು ಬೇರೆ ಯಾರಿಗಾದರೂ ಕೇಳಿ’ ಅಂದರೆ ಇಬ್ಬರೂ ನಾಲ್ಕು ತಿಂಗಳು ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿದಂತಾಗುತ್ತಿತ್ತು. ಒಂದು ದಿನ ಏನಾಗುತ್ತದೆ ಅಂತ ಸುಮ್ಮನೆ ವಾಪಸ್ಸು ಬಂದೆ. ಗಣಪತಿಯ ಸಾಲಿನಲ್ಲಿ ಐದು ತಾಸು ನಿಂತೆವು. ನಾನು ಬೇಡಿಕೊಂಡದ್ದು ಮೊಣಕಾಲು ನೋವು ಕಡಿಮೆಯಾಗಲಿ ಅಂತ.

ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಹಿಂದಿನ ದಿನದ ಲಾಟಿನ ಹ್ಯಾಂಡಲ್ಲು ಇತ್ತು. ಕನ್ನಡಿಯ ಹಾಗಿತ್ತು. ವೈಸಿಗೆ ಹಾಕಿ ಬಗ್ಗಿಸಿದೆ. ಬಾಗಿದ ಕಡೆ ಹಪ್ಪಳ ಮುರಿದ ಹಾಗೆ ಸದ್ದು ಬಂತು, ಕ್ರೋಮು ನಿಕ್ಕಲ್ಲು ಒಟ್ಟಿಗೆ ಸುರುಳಿ ಎದ್ದವು. ಸುರುಳಿಯ ಒಳಬದಿ ಕೆಂಪಗಿತ್ತು. ಕಬ್ಬಿಣದ ಮೇಲೆ ಏನೂ ಉಳಿದಿರಲಿಲ್ಲ. ಇನ್ನೂ ನಾಲ್ಕು ಬಗ್ಗಿಸಿದೆ, ನಾಲ್ಕೂ ಹಾಗೇ.

ಆ ಕ್ಷಣ ನನಗೆ ಆದದ್ದು ಗಾಬರಿಯಲ್ಲ, ಖುಷಿ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಪುಸ್ತಕದಲ್ಲಿ ಓದಿದ ಪಾಯಿಂಟ್ ಎಪ್ಪತ್ತೆಂಟು ನನ್ನ ಮೇಜಿನ ಮೇಲೆ ಸುರುಳಿಯಾಗಿ ಬಿದ್ದಿತ್ತು. ಸ್ಟ್ರೈಕ್ ಟ್ಯಾಂಕಿಗೆ ಓಡಿದೆ. ಜಿಗ್ ತೂಗುಹಾಕುವ ತಾಮ್ರದ ಪಟ್ಟಿಯ ಒಂದು ಬೋಲ್ಟಿನ ಸುತ್ತ ಹಸಿರು ಕಿಲುಬು ಕಟ್ಟಿ ಕರೆಂಟು ದಾಟುತ್ತಿರಲಿಲ್ಲ. ಟ್ಯಾಂಕಿಗೆ ಕರೆಂಟು ಕೊಡುವ ರೆಕ್ಟಿಫಾಯರ್ ಎಂದಿನಂತೆ ಗುಂಯ್ ಅನ್ನುತ್ತಿತ್ತು, ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು. ಕಾಕಾ ಸದ್ದು ಕೇಳಿ ಕರೆಂಟು ಇದೆ ಅಂದುಕೊಂಡಿದ್ದರು. ನೀಲಿ ಟ್ಯಾಂಕಿನಿಂದ ಎದ್ದ ಮಾಲು ಹೇಗೂ ಕೆಂಪಗಿರುತ್ತದೆ, ಮುಂದಿನ ನಿಕ್ಕಲ್ ಟ್ಯಾಂಕಿನವರಿಗೆ ಗೊತ್ತಾಗುವಂತಿರಲಿಲ್ಲ. ಜಿಗ್ ಕಟ್ಟುವ ಹೆಂಗಸೊಬ್ಬಳು ಆಮೇಲೆ ನನಗೆ ಹೇಳಿದಳು, ಕಾಕಾ ಹಿಂದಿನ ದಿನ ಮೊದಲ ಜಿಗ್ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಲ್ಯಾಬಿನ ಕಡೆ ಮುಖ ಮಾಡಿ ನಿಂತಿದ್ದರಂತೆ.

ಮಾಲು ತಿರಸ್ಕರಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ತಿರಸ್ಕಾರದ ಫಾರಮ್ಮಿನಲ್ಲಿ ಎರಡು ಖಾನೆಗಳಿದ್ದವು. ಒಂದು ‘ಕಾರಣ’, ಅದರ ಪಕ್ಕದಲ್ಲಿ ‘ಸರಿಪಡಿಸಲು ಕೈಗೊಂಡ ಕ್ರಮ’. ಆ ಫಾರಮ್ಮು ಮಾಲು ಕೊಳ್ಳುವ ಕಂಪನಿಗೆ ಹೋಗುತ್ತಿತ್ತು, ಎರಡೂ ಖಾನೆ ಒಂದಕ್ಕೊಂದು ಹೊಂದಿದರೆ ಮಾತ್ರ ಅವರು ಒಪ್ಪುತ್ತಿದ್ದರು. ಆದ್ದರಿಂದ ನಮ್ಮ ಕಡೆ ಯಾವತ್ತೂ ಒಂದು ರೂಢಿ. ಕಾರಣದಲ್ಲಿ ವಸ್ತುವಿನ ಹೆಸರು ಬರೆಯಬೇಕು, ಮನುಷ್ಯನದಲ್ಲ. ಬೋಲ್ಟು ಸಡಿಲ ಅಂತ ಬರೆದರೆ ಪಕ್ಕದಲ್ಲಿ ಬೋಲ್ಟು ಬದಲಾಯಿಸಿದೆ ಅಂತ ಬರೆದು ಮುಗಿಸಬಹುದು. ಈ ರೂಢಿಯನ್ನು ನನಗೆ ಕಲಿಸಿದವರೂ ಕಾಕಾ ಅವರೇ.

ನಾನು ಒಂದು ಪುಟ ಬರೆದೆ. ಕಬ್ಬಿಣದ ವಿಭವ, ತಾಮ್ರದ ವಿಭವ, ನಡುವಿನ ಅಂತರ, ಬರಿಮೈ ಕಬ್ಬಿಣದ ಮೇಲೆ ತಾಮ್ರ ತಾನಾಗಿ ಕೂತದ್ದು, ಬೋಲ್ಟಿನ ಕಿಲುಬು, ಎಲ್ಲಾ. ಇಪ್ಪತ್ತು ವರ್ಷದಲ್ಲಿ ನನ್ನ ಬಿ.ಎಸ್ಸಿ. ಕೇಳಿದವರು ಯಾರೂ ಇರಲಿಲ್ಲ, ಅವತ್ತು ಅದೆಲ್ಲಾ ಹೊರಗೆ ಬಂತು. ಕೊನೆಗೆ, ವಾದ ಪೂರ್ತಿಯಾಗಲಿ ಅಂತ, ಒಂದು ಸಾಲು ಸೇರಿಸಿದೆ: ಮೀಟರಿನ ಮುಳ್ಳು ದಿನವಿಡೀ ಸೊನ್ನೆಯ ಮೇಲಿದ್ದುದನ್ನು ಟ್ಯಾಂಕಿನಲ್ಲಿದ್ದವರು ಗಮನಿಸಿಲ್ಲ.

ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಮುಳ್ಳನ್ನು ನಾಲ್ಕು ತಿಂಗಳಿಂದ ನೋಡುತ್ತಿದ್ದವಳು ನಾನು ಅನ್ನುವುದೊಂದನ್ನು ಬರೆಯಲಿಲ್ಲ. ಎಲ್ಲರನ್ನೂ ಅಳೆದು, ನನ್ನನ್ನು ಸೊನ್ನೆಯಾಗಿ ಇಟ್ಟುಕೊಂಡಿದ್ದೆ.

ಮಧ್ಯಾಹ್ನ ಮಾಲಕರು ಇಬ್ಬರನ್ನೂ ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ ಅವರು. ಕೂಗಾಡಲೂ ಇಲ್ಲ. ನನ್ನ ಪುಟವನ್ನು ಕೈಯಲ್ಲಿ ಹಿಡಿದುಕೊಂಡು, ಗೋಡೆಯ ಕ್ಯಾಲೆಂಡರ್ ತೋರಿಸಿ, ಅಲ್ಲಿ ಯಾವ ತಿಂಗಳಿದೆ ಓದಿ ಅಂತ ಕಾಕಾಗೆ ಮರಾಠಿಯಲ್ಲಿ ಹೇಳಿದರು. ಕಾಕಾ ತಡಮಾಡದೆ ಆಗ ನಡೆಯುತ್ತಿದ್ದ ತಿಂಗಳ ಹೆಸರು ಹೇಳಿದರು. ಕ್ಯಾಲೆಂಡರಿನ ಹಾಳೆಯನ್ನು ಎರಡು ತಿಂಗಳಿಂದ ಯಾರೂ ಮಗುಚಿರಲಿಲ್ಲ.

ಮಾಲಕರು ತಲೆ ತಗ್ಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, “ತುಮ್ಹಾಲಾ ಮಾಹೀತ್ ಹೋತಂ ಕಾ?” ನಿಮಗೆ ಗೊತ್ತಿತ್ತೇ?

“ನಾಹೀ. ಮಲಾ ಮಾಹೀತ್ ನವ್ಹತಂ.”

ಗೊತ್ತಿರಲಿಲ್ಲ ಅಂತ ಮರಾಠಿಯಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳಬೇಕಾಗಿ ಬಂದಿದ್ದರೆ ಬಾಯಿ ಬರುತ್ತಿತ್ತೋ ಇಲ್ಲವೋ. ಕಾಕಾ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಅವರ ಕಣ್ಣು ನನ್ನ ಭುಜದ ಪಕ್ಕದಲ್ಲೆಲ್ಲೋ ನಿಂತಿತು. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ನನ್ನ ನೌಕರಿ ಉಳಿಯಿತು.

ಸರಿಪಡಿಸಲು ಕೈಗೊಂಡ ಕ್ರಮ: ಟ್ಯಾಂಕಿನ ಕೆಲಸಗಾರರನ್ನು ಬದಲಾಯಿಸಲಾಗಿದೆ. ಅದನ್ನೂ ನನ್ನ ಕೈಯಿಂದಲೇ ಬರೆಸಿದರು, ನನ್ನ ಅಕ್ಷರ ಚೆನ್ನಾಗಿತ್ತು.

ಹೋಗುವ ದಿನ ಕಾಕಾ ತಮ್ಮ ಗಮ್‌ಬೂಟುಗಳನ್ನು ತೊಳೆದು, ಟ್ಯಾಂಕಿನ ಪಕ್ಕ ಬೋರಲು ಹಾಕಿದರು. ಲ್ಯಾಬಿನ ಗಾಜಿನ ಹತ್ತಿರ ಬಂದು, “ಬರ್ತೀನ್ರಿ ಬಾಯಾರ” ಅಂದರು. ನಾನು “ಹೂಂನ್ರಿ ಕಾಕಾ” ಅಂದೆ. ಬ್ಯುರೆಟ್ಟಿನಿಂದ ಕಣ್ಣು ಎತ್ತಲಿಲ್ಲ. ಎತ್ತಿದ್ದರೂ ಅವರಿಗೆ ಕಾಣುತ್ತಿರಲಿಲ್ಲ ಅನ್ನುವುದು ಆಗ ನನಗೆ ಸಮಾಧಾನವಾಗಿತ್ತು.

ಕಾರ್ಡು ನಿಂತ ಮೇಲೆ ವಾರಕ್ಕೆ ಎರಡು ಸಲ ಆಗುತ್ತಿದ್ದ ಡಯಾಲಿಸಿಸ್ ಒಂದು ಸಲ ಆಯಿತು, ಆಮೇಲೆ ಆದಾಗ ಆಯಿತು. ಮುಂದಿನ ಬೇಸಿಗೆಯಲ್ಲಿ ಆಕೆ ಹೋದರು. ಜಿಗ್ ಕಟ್ಟುವ ಹೆಂಗಸರು ಮಣ್ಣಿಗೆ ಹೋಗಿ ಬಂದರು. ನನ್ನನ್ನೂ ಕರೆದಿದ್ದರು. ಅಂದು ನಿಕ್ಕಲ್ ಟ್ಯಾಂಕಿನ ಪರೀಕ್ಷೆ ಇದೆ ಅಂದೆ. ಪರೀಕ್ಷೆ ಇತ್ತು, ಅದೂ ನಿಜವೇ.

ಕಾರ್ಖಾನೆಯಾದರೂ ಉಳಿಯಿತೇ ಅಂದರೆ ಅದೂ ಇಲ್ಲ. ಆ ಕೊಳ್ಳುವವರು ಬೇರೆ ಕಡೆ ಹೋದರು, ಹ್ಯಾಂಡಲ್ಲಿಗೆ ಕ್ರೋಮಿನ ಬದಲು ಕಪ್ಪು ಬಣ್ಣ ಬಳಿಯುವ ಕಾಲ ಬಂದಿತ್ತು. ವರ್ಷ ತಿರುಗುವುದರೊಳಗೆ ಟ್ಯಾಂಕುಗಳನ್ನು ಖಾಲಿ ಮಾಡಿದರು. ಕೊನೆಯ ದಿನ ಮಾಲಕರು ಎಲ್ಲರಿಗೂ ಚಹಾ ಕೊಡಿಸಿ, ನನ್ನ ಪಕ್ಕ ಬಂದು ಕೂತರು. ಆ ಕಾಕಾನ ಕಣ್ಣಿನ ವಿಷಯ ಯಾರಾದರೂ ಮೊದಲೇ ಬಂದು ಕಿವಿಯಲ್ಲಿ ಹಾಕಿದ್ದರೆ ಜಿಗ್ ಕಟ್ಟುವ ಕಡೆ ಹಾಕುತ್ತಿದ್ದೆ, ಅದಕ್ಕೆ ಬೆರಳು ಸಾಕು, ಕಣ್ಣು ಅಷ್ಟು ಬೇಡ, ಕಾಗದದ ಮೇಲೆ ಬಂದ ಮೇಲೆ ನನ್ನ ಕೈಯಲ್ಲಿ ಏನಿತ್ತು ಅಂದರು. ನಾನು ಚಹಾ ಕುಡಿದೆ. ಗೋಡೆಯ ಪಟ್ಟಿಯನ್ನು ಕಿತ್ತು ಮಡಿಸಿ ಚೀಲದಲ್ಲಿ ಇಟ್ಟುಕೊಂಡೆ. ಅದು ಈಗಲೂ ಟ್ಯೂಶನ್ನಿಗೆ ಉಪಯೋಗಕ್ಕೆ ಬರುತ್ತದೆ.

ಹೋದ ತಿಂಗಳು ಖಡಕಿಯಲ್ಲಿ ಪರಿಚಯದವರ ಮನೆಗೆ ಹೋಗಿ, ವಾಪಸ್ಸು ಬರಲು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಮಟಮಟ ಮಧ್ಯಾಹ್ನ. ನೆರಳಿನಲ್ಲಿ ಬಿಳಿ ಟೋಪಿಯ ಒಬ್ಬರು ಕೋಲು ಊರಿಕೊಂಡು ನಿಂತಿದ್ದರು. ಕೋಲು ಹಿಡಿದ ಕೈಯ ಮೇಲೆ ಆಸಿಡ್ಡಿನ ಹಳೆಯ ಕಲೆ ಕಂಡಾಗ ಕಾಕಾ ಅಂತ ಗುರುತಾಯಿತು. ತುಂಬಾ ಇಳಿದುಹೋಗಿದ್ದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾತಾಡಿಸಬೇಕಿತ್ತು. ಏನಂತ ಮಾತಾಡಿಸಲಿ? ಹೇಗಿದ್ದೀರಿ ಕಾಕಾ ಅಂತಲೇ?

ಬಸ್ಸು ಬಂತು. ಅವರು ಗಾಳಿಗೆ ಕೇಳಿದ ಹಾಗೆ, ಹತ್ತಿರವಿದ್ದ ನನ್ನನ್ನು ಮರಾಠಿಯಲ್ಲಿ ಕೇಳಿದರು, “ತಾಯೀ, ಕುಠಲೀ ಬಸ್ ಆಹೆ?” ಅಕ್ಕಾ, ಯಾವ ಬಸ್ಸು?

ನಾನೂ ಮರಾಠಿಯಲ್ಲೇ, ದನಿ ಸ್ವಲ್ಪ ಬದಲಾಯಿಸಿ ಹೇಳಿದೆ, “ನಿಗಡೀಚೀ ಆಹೆ.” ನಿಗಡಿಯದು.

ಅವರು ಕೋಲನ್ನು ಮೆಟ್ಟಿಲ ಮೇಲಿಟ್ಟು, ಕಂಬಿ ತಡಕಿ ಹಿಡಿದು ಹತ್ತಿದರು. ಹತ್ತಿ, ಬಾಗಿಲಲ್ಲಿ ಒಂದು ಗಳಿಗೆ ನಿಂತರು. ತಿರುಗಿ ನೋಡಲಿಲ್ಲ.

“ನೀವು ಹೇಳೀರಿ ಅಂದ್ರ ಖರೇನ ಇರತದರಿ, ಬಾಯಾರ. ಮುಳ್ಳು ಒಂದಿನಾನೂ ತಪ್ಪ ಹೇಳಿಲ್ಲ ನೀವು.”

ಬಸ್ಸು ಹೊರಟಿತು. ನಾನು ಹತ್ತಬೇಕಿದ್ದ ಬಸ್ಸೂ ಅದೇ ಆಗಿತ್ತು.